ಬಿಡುವುದೆಂದರೆ ಏನನ್ನು ಬಿಡುವುದು?

ಘಾಜಿಯಾಬಾದಿನಲ್ಲಿ ನೆಲಸಿರುವ ನಮಗೆ ಒಂದು ಅನುಕೂಲ ಉಂಟು. ಇಲ್ಲಿ ಯಾರೂ ಒಂಟಿಯಾಗಿ ಉಪವಾಸ ಮಾಡಬೇಕಾಗಿಲ್ಲ. 2025ರ ಪಂಚಾಂಗವನ್ನೇ ನೋಡಿ. ಫೆಬ್ರವರಿ 26ಕ್ಕೆ ಮಹಾಶಿವರಾತ್ರಿ, ಮಾರ್ಚಿ 2ಕ್ಕೆ ನೆರೆಯ ಮುಸಲ್ಮಾನ ಬಂಧುಗಳ ರಂಜಾನಿನ ಮೊದಲನೆಯ ರೋಜಾ, 5ಕ್ಕೆ ಕ್ರೈಸ್ತರ ಬೂದಿ ಬುಧವಾರ. ಎಂಟು ದಿನಗಳೊಳಗೆ ಮೂರು ಧರ್ಮದವರು ತಟ್ಟೆಯನ್ನು ದೂರ ಸರಿಸಿ ಕುಳಿತರು. ಅದೇ ತಿಂಗಳ 30ಕ್ಕೆ ಯುಗಾದಿ. ನಾವು ಹೋಳಿಗೆಗೆ ಹೂರಣ ರುಬ್ಬುವ ಹೊತ್ತಿಗೆ ಮೇಲಿನ ಮಹಡಿಯ ಉತ್ತರದವರು ಚೈತ್ರ ನವರಾತ್ರಿಯ ವ್ರತಕ್ಕೆಂದು ಕುಟ್ಟುವಿನ ಹಿಟ್ಟು, ಸಾಬಕ್ಕಿ, ಸೈಂಧವ ಲವಣ ಕೊಳ್ಳಲು ಕಿರಾಣಿ ಅಂಗಡಿಯಲ್ಲಿ ಸಾಲು ನಿಂತಿದ್ದರು.

ಇಷ್ಟೆಲ್ಲ ಉಪವಾಸವಾದ ಮೇಲೂ ಯಾರ ತೂಕವೂ ಇಳಿದಂತೆ ಕಾಣಲಿಲ್ಲವೆಂಬುದು ಬೇರೆ ಮಾತು. ನಮ್ಮ ಏಕಾದಶಿಯ ಫಲಾಹಾರ ದ್ವಾದಶಿಯ ಊಟಕ್ಕಿಂತ ಭಾರಿಯಾಗಿರುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ಅಕ್ಕಿಯನ್ನು ಬಿಟ್ಟೆವು, ಸರಿ. ಅದರ ಜಾಗಕ್ಕೆ ಗೋಧಿ ನುಚ್ಚಿನ ಉಪ್ಪಿಟ್ಟು, ಗೋಡಂಬಿ ಹಾಕಿದ ಪಾಯಸ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಬಂದು ಕುಳಿತವು. ನಾಲಗೆಯನ್ನು ಕಟ್ಟಬೇಕೆಂದು ಹೊರಟು ಅದಕ್ಕೆ ಒಂದು ದಿನದ ಮಟ್ಟಿಗೆ ಹೊಸ ರುಚಿ ತೋರಿಸಿ ಕಳುಹಿಸಿದಂತಾಯಿತು.

ನಮ್ಮ ಸಂಘದ ಕ್ರೈಸ್ತ ಸೋದರಿಯೊಬ್ಬರು, ಧಾರವಾಡದ ಕಡೆಯವರು, ಈ ವಿಷಯವನ್ನು ಒಮ್ಮೆ ಈ ಪುಟದಲ್ಲಿ ಎತ್ತಿಕೊಳ್ಳಬೇಕೆಂದು ಕೇಳಿದ್ದಾರೆ. "ನಮ್ಮ ಲೆಂಟ್ ಕಾಲವೆಂದರೆ ನಲವತ್ತು ದಿವಸ ಮಾಂಸ ಬಿಡುವುದು ಅಂತ ಎಲ್ಲರೂ ತಿಳಿದಾರ. ನಮ್ಮವರೂ ಕೆಲವರು ಹಾಗೇ ತಿಳಿದಾರ. ಅದಕ್ಕ ಬರೀರಿ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಅಲ್ಲದೆ ಇದು ಕ್ರೈಸ್ತರ ಮನೆಯ ಪ್ರಶ್ನೆ ಮಾತ್ರವಲ್ಲ. ನಮ್ಮೆಲ್ಲರ ಮನೆಯ ಅಡುಗೆಕೋಣೆಯವರೆಗೂ ಬರುವ ಪ್ರಶ್ನೆ.

ಲೆಂಟ್ ಎಂಬುದನ್ನು ನಮ್ಮ ಕಥೋಲಿಕ ಬಂಧುಗಳು ಕನ್ನಡದಲ್ಲಿ ತಪಸ್ಸು ಕಾಲವೆನ್ನುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗೆ ಎಣಿಸಿದರೆ ನಲವತ್ತಾರು ದಿನ. ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯದೆ ನಲವತ್ತು. ಯೇಸುಸ್ವಾಮಿ ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಸ್ಮರಣೆ ಅದು. ಹಿಂದೆ ಈ ದಿನಗಳಲ್ಲಿ ಊಟದ ಕಟ್ಟಳೆ ಬಹಳ ಬಿಗಿಯಾಗಿತ್ತು. 1966ರ ಫೆಬ್ರವರಿ 17ರಂದು ಆರನೆಯ ಪೌಲ ಜಗದ್ಗುರುಗಳು ಅದನ್ನು ಸಡಿಲಿಸಿದರು. ಕಡ್ಡಾಯದ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬೆರಡು ದಿನಗಳಿಗೆ ಇಳಿಯಿತು. ಶುಕ್ರವಾರ ಮಾಂಸ ಬಿಡುವುದಕ್ಕೆ ಬದಲಾಗಿ ದಾನಧರ್ಮ, ಪ್ರಾರ್ಥನೆ ಮೊದಲಾದವನ್ನು ಗೊತ್ತುಮಾಡುವ ಅವಕಾಶ ಆಯಾ ದೇಶದ ಬಿಷಪರಿಗೆ ಸಿಕ್ಕಿತು. ಧರ್ಮ ಹಗುರವಾಯಿತೆಂದು ಆಗ ಗೊಣಗಿದವರಿದ್ದರು. ನಮಗಾದರೋ ಅದು ಹೆಚ್ಚು ಭಾರವಾಯಿತೆಂದೇ ತೋರುತ್ತದೆ. ಮೀನು ತಿನ್ನಬಹುದು, ಕೋಳಿ ತಿನ್ನಬಾರದು ಎಂಬ ನಿಯಮವನ್ನು ಯಾರು ಬೇಕಾದರೂ ಪಾಲಿಸಬಹುದು. ನೀನೇ ನೋಡಿ ನಿನಗೆ ಅಂಟಿಕೊಂಡಿರುವುದನ್ನು ಬಿಡು ಎಂದರೆ ಎಲ್ಲಿ ಓಡುವುದು?

ಸುವಾರ್ತೆಯನ್ನು ಬರೆದವರಲ್ಲಿ ಮತ್ತಾಯ, ಮಾರ್ಕ, ಲೂಕ ಮೂವರೂ ಒಂದು ಮಾತನ್ನು ದಾಖಲೆ ಮಾಡಿದ್ದಾರೆ. ತನ್ನ ಹಿಂದೆ ಬರಬೇಕೆನ್ನುವವನು ತನ್ನನ್ನೇ ಬೇಡವೆಂದು ತಳ್ಳಿ, ಶಿಲುಬೆಯನ್ನು ಹೊತ್ತುಕೊಂಡು ಬರಲಿ ಎಂಬುದು ಅದರ ತಾತ್ಪರ್ಯ. ಮೂವರಲ್ಲಿ ಲೂಕನೊಬ್ಬನೇ ಅಲ್ಲಿ ಒಂದು ಪದವನ್ನು ಹೆಚ್ಚಾಗಿ ಇಟ್ಟಿದ್ದಾನೆ: ದಿನವೂ. ಶಿಲುಬೆ ಇಂದು ಚಿನ್ನದ ಸರದಲ್ಲಿ ತೂಗುವ ಒಡವೆ. ಆ ಕಾಲದಲ್ಲಿ ಅದು ರೋಮನರು ಅಪರಾಧಿಗಳನ್ನು ಕೊಲ್ಲಿಸುತ್ತಿದ್ದ ಮರ. ಒಬ್ಬ ಮನುಷ್ಯ ಒಂದು ಸಲ ತಾನೆ ಸಾಯಬಲ್ಲನು? ದಿನವೂ ಹೊರುವುದು ಹೇಗೆ? ವೀರನೊಬ್ಬ ಒಂದೇ ದಿನದಲ್ಲಿ ಮಾಡಿ ಮುಗಿಸುವ ಸಾಹಸ ಇಲ್ಲಿ ಲೂಕನ ಮನಸ್ಸಿನಲ್ಲಿಲ್ಲ. ಹಾಲು ಕಾಯಿಸುವಂತೆ, ಕಸ ಗುಡಿಸುವಂತೆ ದಿನಬೆಳಗಾದರೆ ಮತ್ತೆ ಮಾಡಬೇಕಾದ ಕೆಲಸದ ಮಾತು ಅದು. ಗೃಹಸ್ಥರಾದ ನಮಗೆ ಆ ಒಂದು ಪದದಿಂದಲೇ ಈ ಉಪದೇಶ ಎಟುಕುವಂತಾಗಿದೆ.

ಇನ್ನೊಂದು ಸಂಗತಿ. ತಳ್ಳಬೇಕಾದದ್ದು ತಿಂಡಿಯನ್ನಲ್ಲ, ತನ್ನನ್ನು. ಹಾಗೆಂದು ತಿಂಡಿಯಿಂದ ಪ್ರಾರಂಭಿಸಬಾರದೆಂದಿಲ್ಲ. 1886ರಲ್ಲಿ ಇಂಗ್ಲೆಂಡಿನ ಸಾಲ್ವೇಶನ್ ಆರ್ಮಿಯ ಒಂದು ಸಭೆಯಲ್ಲಿ ಹಣ ಕೂಡಿಸುತ್ತಿದ್ದಾಗ ಜಾನ್ ಕಾರ್ಲ್‌ಟನ್ ಎಂಬ ಮೇಜರನ ಬಳಿ ಕೊಡುವುದಕ್ಕೆ ಹಣವಿರಲಿಲ್ಲ. ಒಂದು ವರ್ಷ ಊಟದ ಕೊನೆಯ ಪುಡಿಂಗ್ ತಿನ್ನದಿದ್ದರೆ ಐವತ್ತು ಶಿಲ್ಲಿಂಗ್ ಉಳಿಯುವುದೆಂದು ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಟ್ಟ. ಜನರಲ್ ಬೂತರಿಗೆ ಈ ಲೆಕ್ಕ ಬಹಳ ಹಿಡಿಸಿತು. ಒಬ್ಬನೇ ವರ್ಷವಿಡೀ ಬಿಡುವುದಕ್ಕಿಂತ ಎಲ್ಲರೂ ಒಂದು ವಾರ ಏನನ್ನಾದರೂ ಬಿಡಲಿ ಎಂದು ಅವರು ಅದೇ ವರ್ಷ ಆತ್ಮನಿರಾಕರಣೆಯ ವಾರವನ್ನು ಏರ್ಪಡಿಸಿದರು. 4,820 ಪೌಂಡು ಕೂಡಿತು. ಅದು ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತದೆ. ನಮ್ಮ ಮಿಜೋರಾಮಿನ ತಾಯಂದಿರು 1910ರಿಂದ ನಡೆಸಿಕೊಂಡು ಬಂದಿರುವ ಪದ್ಧತಿ ಇದಕ್ಕಿಂತ ಸೊಗಸಾದದ್ದು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಾರೆ. ಅದು ಕೂಡಿ ದೇವಾಲಯದ ಕೆಲಸಕ್ಕೆ ಹೋಗುತ್ತದೆ. ಹನಿ ಹನಿಗೂಡಿದರೆ ಹಳ್ಳವೆಂಬುದು ಅಲ್ಲಿ ಗಾದೆಯಾಗಿ ಉಳಿಯದೆ ಲೆಕ್ಕದ ಪುಸ್ತಕಕ್ಕೆ ಬಂದಿದೆ.

ಹಿಡಿ ಅಕ್ಕಿ ಎಂದೊಡನೆ ಕನ್ನಡಿಗರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವಳೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ನಮಗೆ ಬೇಕಾದಷ್ಟಕ್ಕಿಂತ ಮಿಗಿಲಾದದ್ದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಅಟ್ಟಿದಳು. ಬಡವರ ಮನೆಯಲ್ಲಿ ಬಂದ ಅಕ್ಕಿಯನ್ನು ಹಿಂತಿರುಗಿಸಿದ ಕಥೆ ಇದು. ಬೂತರ ಪಂಥಕ್ಕೂ ಲಕ್ಕಮ್ಮನ ಪಂಥಕ್ಕೂ ಏನು ಸಂಬಂಧ ಎನ್ನಬೇಡಿ. ದೆಹಲಿಯಲ್ಲಿ ಇದ್ದುಕೊಂಡು ಶಾಸ್ತ್ರಿಗಳನ್ನು ಮರೆಯುವಂತೆಯೂ ಇಲ್ಲ: 1965ರಲ್ಲಿ ಆಹಾರದ ಅಭಾವವಾದಾಗ ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಲಾಲ್ ಬಹಾದುರ್ ಶಾಸ್ತ್ರಿಗಳು ದೇಶವನ್ನು ಕೇಳಿಕೊಂಡರು, ಕೇಳುವುದಕ್ಕೆ ಮುಂಚೆ ಸ್ವಂತ ಮನೆಯಲ್ಲಿ ಒಲೆ ಹಚ್ಚದೆ ನೋಡಿದರೆಂದು ಹೇಳುವರು.

ಇವೆಲ್ಲ ಎಣಿಸಬಹುದಾದ ತ್ಯಾಗಗಳು. ಅನ್ನ, ಅಕ್ಕಿ, ಶಿಲ್ಲಿಂಗು. ಎಣಿಕೆಗೆ ಸಿಕ್ಕದ ತ್ಯಾಗ ಒಂದುಂಟು, ಅದು ತನ್ನ ಇಚ್ಛೆಯನ್ನು ಬಿಡುವುದು. ಅದಕ್ಕೆ ದೃಷ್ಟಾಂತ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ; ಕನ್ನಡ ಓದುವವರ ಕಪಾಟಿನಲ್ಲೇ ಅದು ಕುಳಿತಿದೆ.

ಫರ್ಡಿನೆಂಡ್ ಕಿಟೆಲರ ನಿಘಂಟನ್ನು ಕೈಯಲ್ಲಿ ಹಿಡಿದವರಿಗೆ ಅದರ ಭಾರ ಗೊತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂದ ಆ ಗ್ರಂಥದಲ್ಲಿ 1,752 ಪುಟಗಳು, ಸುಮಾರು 70,000 ಶಬ್ದಗಳು. ಆದರೆ ನಿಘಂಟು ಬರೆಯಬೇಕೆಂದು ಅವರು ಕನ್ನಡನಾಡಿಗೆ ಬಂದವರಲ್ಲ. 1832ರಲ್ಲಿ ಜರ್ಮನಿಯ ಉತ್ತರ ತುದಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಬಾಸೆಲಿನಲ್ಲಿ ಕಲಿತು, 1853ರಲ್ಲಿ ಇಪ್ಪತ್ತೊಂದರ ತರುಣನಾಗಿ ಮಂಗಳೂರಿಗೆ ಬಂದಿಳಿದಾಗ ಅವರ ಆಸೆ ಒಂದೇ: ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಿ ಸುವಾರ್ತೆ ಸಾರಬೇಕು. ಧಾರವಾಡದ ಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು. ಬಿಳಿಯರ ಬಂಗಲೆಯ ರೀತಿ ರಿವಾಜುಗಳಿಂದ ದೂರ ಉಳಿಯಲು ನೋಡಿದರು. ಜನರ ಮಾತನ್ನು, ಹಾಡನ್ನು, ಗಾದೆಯನ್ನು ಕಿವಿಗೊಟ್ಟು ಕೇಳಿದರು.

ಇದು ಜೊತೆಯ ಮಿಶನರಿಗಳಿಗೆ ಸರಿಬೀಳಲಿಲ್ಲ, ಬಾಸೆಲಿನ ಕಮಿಟಿಗೂ ಸರಿಬೀಳಲಿಲ್ಲ. ಮಿಶನ್ನಿನ ಕಟ್ಟಳೆ ಕಠಿಣ. ಎಲ್ಲಿ ಇರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಕಮಿಟಿ ನಿಶ್ಚಯಿಸುವುದು. ಮದುವೆಗೂ ಕಮಿಟಿಯ ಅಪ್ಪಣೆ ಬೇಕು. ತರುಣ ಕಿಟೆಲರಿಗೆ ಬುದ್ಧಿಮಾತು ಬಂತು, ವರ್ಗಾವಣೆ ಬಂತು, ಹಳ್ಳಿಯ ಹಾದಿಯಿಂದ ಮೇಜಿನ ಕಡೆಗೆ ಅವರನ್ನು ತಿರುಗಿಸಲಾಯಿತು. ಶಾಲೆ, ಅಚ್ಚಿನ ಕೆಲಸ, ಹಳಗನ್ನಡದ ಓಲೆಗರಿ. ಹೊರಗೆ ಅಲೆಯಬೇಕೆಂದವನಿಗೆ ಕುಳಿತು ಕರಡು ತಿದ್ದುವ ಕೆಲಸ.

ಇಲ್ಲಿ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಹಾರು ಹಾರುತ್ತಾರೆ. ಕಮಿಟಿ ಅಡ್ಡಗಟ್ಟಿದ್ದೇ ಒಳ್ಳೆಯದಾಯಿತು, ಅದರಿಂದಲೇ ನಮಗೆ ನಿಘಂಟು ದೊರೆಯಿತು, ಎಲ್ಲವೂ ದೇವರ ಚಿತ್ತ ಎಂದು ಕೈಮುಗಿದು ಬಿಡುತ್ತಾರೆ. ನಾವು ಅಷ್ಟು ಬೇಗ ಕೈಮುಗಿಯುವುದಕ್ಕೆ ಸಿದ್ಧರಿಲ್ಲ. ಬಾಸೆಲಿನ ಹಿರಿಯರ ಕಾಗದಕ್ಕೆ ದೇವರ ರುಜು ಬಿದ್ದಿತ್ತೆಂದು ಹೇಳುವುದು ಹೇಗೆ? ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಅವರು ಹಳ್ಳಿಗಳಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂಬುದನ್ನು ಬಲ್ಲವರಾರು? ನಮಗೆ ಮುಖ್ಯವಾಗಿ ತೋರುವುದು ಬೇರೆ. ತಾವು ಬಯಸದೆ ಬಂದ ಕೆಲಸವನ್ನು ಕಿಟೆಲರು ಹೇಗೆ ಮಾಡಿದರೆಂಬುದನ್ನು ನೋಡಿ. ಮುಖ ಗಂಟುಹಾಕಿಕೊಂಡು, ಹೇಳಿದಷ್ಟು ಮಾಡಿ, ಸಂಜೆಗೆ ಬಾಗಿಲು ಹಾಕಿಕೊಳ್ಳಬಹುದಾಗಿತ್ತು. ಬದಲಿಗೆ 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಷಟ್ಪದಿಯಲ್ಲೇ ಕಥಾಮಾಲೆಯಾಗಿ ಕಟ್ಟಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಪಂಡಿತರನ್ನು ಕೂರಿಸಿಕೊಂಡು ಕಾವ್ಯದ ಶಬ್ದಗಳನ್ನು ಶೋಧಿಸಿದಂತೆಯೇ ಸಂತೆಯ ಶಬ್ದಗಳನ್ನೂ ಆಯ್ದರು. ನಿಘಂಟಿನ ಪುಟ ತಿರುವಿದರೆ ಶಬ್ದದ ಪಕ್ಕದಲ್ಲಿ ಎಷ್ಟೋ ಕಡೆ ಗಾದೆ ಸಿಕ್ಕುವುದು. ಧಾರವಾಡದ ಹಾದಿಯಲ್ಲಿ ಕೇಳಿದ ಕಿವಿ ಮೇಜಿನ ಮುಂದೆ ಕುಳಿತ ಮೇಲೂ ಕೇಳುತ್ತಲೇ ಇತ್ತು. ಹಳೆಯ ಇಚ್ಛೆ ಸಾಯಲಿಲ್ಲ. ಹಾದಿ ಕಟ್ಟಿದಾಗ ಬೇರೆ ಹಾದಿ ಹಿಡಿಯಿತು. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂದಿದ್ದವರು ಕೊನೆಗೆ ಆಗಿಯೇ ಬಿಟ್ಟರು, ಆದರೆ ತಾವು ಎಣಿಸಿದ ರೀತಿಯಲ್ಲಲ್ಲ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣವೂ ಹೊರಬಂತು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಮನೆಯೊಳಗಿನ ಕಥೆಯೊಂದಿದೆ. ಕುಟುಂಬದ ಪತ್ರಿಕೆಯಾದ ನಾವು ಅದನ್ನು ಬಿಡುವಂತಿಲ್ಲ. ಕಿಟೆಲರು 1860ರಲ್ಲಿ ಪಾಲಿನೆ ಐತ್ ಎಂಬಾಕೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಹೋದಳು. 1867ರಲ್ಲಿ ಅವಳ ತಂಗಿ ಯೂಲಿಯೆಯನ್ನು ಕೈಹಿಡಿದರು. 1877ರಲ್ಲಿ ಕಿಟೆಲರು ಜರ್ಮನಿಗೆ ಮರಳಿದರು. 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದಾಗ ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಅವರು ಹಿಂತಿರುಗಿದ್ದು 1892ರಲ್ಲಿ. ಒಂಬತ್ತು ವರ್ಷ. ಎಪ್ಪತ್ತು ಸಾವಿರ ಶಬ್ದಗಳಿಗೆ ಒಬ್ಬರು ಅರ್ಥ ಬರೆಯುತ್ತಿದ್ದಾಗ ಸಮುದ್ರದ ಆಚೆ ಒಂದು ಮನೆಯಲ್ಲಿ ಅಪ್ಪ ಎಂಬ ಶಬ್ದಕ್ಕೆ ಏನು ಅರ್ಥವಿತ್ತೋ!

ಇದು ಕಿಟೆಲರ ಮನೆಯೊಂದರ ಮಾತಲ್ಲ. ಬಾಸೆಲ್ ಮಿಶನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸುವುದು ಪದ್ಧತಿ. ಅದಕ್ಕೆಂದು ಬಾಸೆಲಿನಲ್ಲಿ ಮಕ್ಕಳ ನಿಲಯವೇ ಇತ್ತು. ಮಲಯಾಳದ ಮಹಾ ನಿಘಂಟನ್ನು 1872ರಲ್ಲಿ ಹೊರತಂದ ಹೆರ್ಮನ್ ಗುಂಡರ್ಟರ ಮಗಳು ಮಾರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಇನ್ನೂ ಮೂರು ನಾಲ್ಕು ವರ್ಷದ ಕೂಸಾಗಿದ್ದಾಗ ತಾಯ್ತಂದೆ ಅವಳನ್ನು ಯೂರೋಪಿನಲ್ಲಿ ಬಿಟ್ಟು ಮರಳಿದರು; ಅವಳು ಮತ್ತೆ ಅವರನ್ನು ಸೇರಿಕೊಂಡದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಈ ಮಾರಿಯ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಎರಡು ಭಾಷೆಗಳ ಎರಡು ದೊಡ್ಡ ನಿಘಂಟುಗಳ ಹಿಂದೆ ಹೀಗೆ ತಂದೆಯಿಲ್ಲದೆ ಬೆಳೆದ ಮಕ್ಕಳ ಬಾಲ್ಯ ಇದೆ.

ತಂದೆತಾಯಿಗಳು ದೇವರ ಚಿತ್ತವೆಂದು ನಂಬಿಯೇ ಮಾಡಿದರು. ಅವರ ಎದೆಯೂ ಒಡೆದಿರಬೇಕು. ಅದನ್ನು ನಾವು ಹಗುರ ಮಾಡುವುದಿಲ್ಲ. ಇಲ್ಲಿಯ ಬಿಸಿಲು, ವಿಷಮಜ್ವರಗಳಿಗೆ ಮಕ್ಕಳನ್ನು ಕಳೆದುಕೊಂಡವರ ಭಯವೂ ಅದರಲ್ಲಿ ಸೇರಿತ್ತು. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಅಪ್ಪ ತನ್ನ ಸುಖವನ್ನು ಬಿಟ್ಟ, ಅದು ಆತ್ಮನಿರಾಕರಣೆ. ಮಗು ಅಪ್ಪನನ್ನು ಬಿಟ್ಟಿತೇ? ಇಲ್ಲ, ಅದರಿಂದ ಬಿಡಿಸಲಾಯಿತು. ತಾನು ಬಿಟ್ಟದ್ದಕ್ಕೂ ತನ್ನಿಂದ ಬಿಡಿಸಿದ್ದಕ್ಕೂ ಒಂದೇ ಹೆಸರಿಟ್ಟರೆ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದಂತಾಗುತ್ತದೆ.

ವಾಚಕರು ತಮ್ಮ ಮನೆಯ ಕಡೆಗೆ ಒಮ್ಮೆ ತಿರುಗಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1974ರಲ್ಲಿ ಘಾಜಿಯಾಬಾದಿನಲ್ಲಿ ತನ್ನ ಎರಡನೆಯ ಕಾರ್ಖಾನೆಯನ್ನು ತೆರೆದಾಗಿನಿಂದ ಜಾಲಹಳ್ಳಿಯಿಂದ ಇಲ್ಲಿಗೆ, ಇಲ್ಲಿಂದ ಜಾಲಹಳ್ಳಿಗೆ ಗಂಟು ಕಟ್ಟಿದ ಕುಟುಂಬಗಳು ನಮ್ಮ ಸಂಘದಲ್ಲಿವೆ. ಬ್ಯಾಂಕು, ಸರ್ಕಾರಿ ಕಚೇರಿಗಳಿಂದ ಬಂದವರೂ ಇದ್ದಾರೆ. ವರ್ಗಾವಣೆಯ ಕಾಗದ ಬಂದ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಯಜಮಾನರಿಗೆ ಬಡ್ತಿ. ಹೆಂಡತಿ ಮಲ್ಲೇಶ್ವರದ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ ಕೆಲಸ ಹೋಯಿತು. ಮಗಳ ವೀಣೆ ಪಾಠ ನಿಂತಿತು. ಅಜ್ಜಿ ಎಂಬತ್ತನೆಯ ವಯಸ್ಸಿನಲ್ಲಿ ಹಿಂದಿ ಕಲಿಯಬೇಕಾಯಿತು, ಇಲ್ಲವೆ ಬಾಯಿ ಹೊಲಿದುಕೊಳ್ಳಬೇಕಾಯಿತು. ಕೊನೆಗೆ ಎಲ್ಲರೂ ಸೇರಿ, ದೇವರಿಟ್ಟ ಹಾಗಾಗಲಿ ಎಂದರು. ಎಲ್ಲರೂ ಅಂದರೋ, ಒಬ್ಬರು ಅಂದು ಉಳಿದವರು ಸುಮ್ಮನಿದ್ದರೋ?

ಕ್ರೈಸ್ತ ಮನೆಗಳಲ್ಲಿ ಇದಕ್ಕೆ ಒಂದು ವಿಶೇಷ ಭಾರ ಇದೆ. ದಿನವೂ ಹೇಳುವ ಪ್ರಾರ್ಥನೆಯಲ್ಲೇ ದೇವರ ಚಿತ್ತ ನಡೆಯಲೆಂಬ ಬೇಡಿಕೆ ಇದೆಯಷ್ಟೆ. ದಣಿದ ಸೊಸೆಗೆ, ಕುಡುಕ ಗಂಡನೊಡನೆ ಏಗುವ ಹೆಂಡತಿಗೆ, ಇದು ನಿನ್ನ ಶಿಲುಬೆ, ಹೊತ್ತುಕೋ ಎಂದು ಹೇಳಿ ಕಾಫಿ ಕುಡಿದು ಎದ್ದುಹೋಗುವ ಹಿತೈಷಿಗಳು ಎಲ್ಲ ಕಡೆಯೂ ಇರುತ್ತಾರೆ. ಇನ್ನೊಬ್ಬರ ಹೆಗಲಿಗೆ ಶಿಲುಬೆ ಏರಿಸುವ ಕೆಲಸವನ್ನು ಸುವಾರ್ತೆಯಲ್ಲಿ ರೋಮನ್ ಸಿಪಾಯಿಗಳು ಮಾಡುತ್ತಾರೆ, ಶಿಷ್ಯರಲ್ಲ. (ಹಿಂದೂ ಮನೆಗಳಲ್ಲಿ ಇದೇ ಹಿತೈಷಿಗಳು ಕರ್ಮವೆಂದು ಹೇಳುತ್ತಾರೆ, ಕಾಫಿ ಮಾತ್ರ ಅದೇ.)

ಗೆತ್ಸೆಮನೆಯ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆಯನ್ನು ಈ ಕಣ್ಣಿನಿಂದ ಓದಿ ನೋಡಬೇಕು. ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತಾಗಲಿ ಎಂಬ ಭಾವ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮುಂಚೆ ಅವರು ಇನ್ನೊಂದನ್ನು ಕೇಳಿಕೊಂಡಿದ್ದರು: ಸಾಧ್ಯವಾದರೆ ಈ ಪಾತ್ರೆ ತನ್ನಿಂದ ತೊಲಗಲಿ ಎಂದು. ತನಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳಿದರು, ಬೆವರು ಸುರಿಸಿ ಹೇಳಿದರು, ಒಂದಕ್ಕಿಂತ ಹೆಚ್ಚು ಸಲ ಹೇಳಿದರು, ಆಮೇಲೆ ಬಿಟ್ಟುಕೊಟ್ಟರು. ಇಚ್ಛೆಯೇ ಇಲ್ಲದವನು ಬಿಡುವುದಾದರೂ ಏನನ್ನು? ಮನೆಯಲ್ಲಿ ಯಾರಿಗೆ ತನ್ನ ಇಷ್ಟವನ್ನು ಹೇಳುವ ಅವಕಾಶವೇ ಸಿಕ್ಕಿಲ್ಲವೋ ಅವರ ತ್ಯಾಗವನ್ನು ಹೊಗಳುವ ಹಕ್ಕು ನಮಗಿಲ್ಲ. ಮೊದಲು ಅವರ ಮಾತನ್ನು ಕೇಳಬೇಕು. ಲೆಂಟ್ ಕಾಲದಲ್ಲಿ ಯಜಮಾನರು ಸಿಗರೇಟು ಬಿಡುವುದು ಒಳ್ಳೆಯದೇ. ಅದರ ಜೊತೆಗೆ ಕೊನೆಯ ತೀರ್ಮಾನ ತನ್ನದೇ ಎಂಬ ಹಟವನ್ನು ನಲವತ್ತು ದಿನ ಬಿಟ್ಟು ನೋಡಿದರೆ ಯಾವುದು ಹೆಚ್ಚು ಕಷ್ಟವೆಂಬುದು ಮೂರನೆಯ ದಿನಕ್ಕೇ ತಿಳಿಯುತ್ತದೆ.

ಹಾಗಾದರೆ ದೇವರ ಚಿತ್ತವನ್ನು ತಿಳಿಯುವುದು ಹೇಗೆ? ದೊಡ್ಡವರು ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. ನಮಗೆ ನಿಲುಕುವ ಒಂದೆರಡನ್ನು ಮಾತ್ರ ಹೇಳುತ್ತೇವೆ. ಮಂಗಳೂರಿನಲ್ಲಿ 1880ರಿಂದ ಸಂತ ಅಲೋಶಿಯಸ್ ಕಾಲೇಜನ್ನು ನಡೆಸುತ್ತಿರುವ ಜೆಸುಯಿಟ್ ಪಾದ್ರಿಗಳ ಮೂಲಪುರುಷ ಲೊಯೋಲದ ಇಗ್ನೇಷಿಯಸರು 1548ರಲ್ಲಿ ಅಚ್ಚಾದ ತಮ್ಮ ಆತ್ಮಸಾಧನೆಯ ಕೈಪಿಡಿಯಲ್ಲಿ ಒಂದು ನಿಯಮ ಕೊಟ್ಟಿದ್ದಾರೆ. ಮನಸ್ಸು ಬರಡಾಗಿ, ಕತ್ತಲು ಕವಿದು ಕುಳಿತಿರುವಾಗ ಹಿಂದೆ ಮಾಡಿದ ನಿಶ್ಚಯವನ್ನು ಬದಲಾಯಿಸಬಾರದು ಎಂಬುದು ಅದರ ಸಾರ. ಎಷ್ಟು ಸಾಮಾನ್ಯವಾದ ಮಾತು! ಆದರೆ ಜೂನ್ ತಿಂಗಳ ಲೂ ಗಾಳಿಯಲ್ಲಿ ಕರೆಂಟು ಹೋಗಿ, ನೀರಿನ ಟ್ಯಾಂಕರು ಬಾರದೆ, ಲಿಫ್ಟು ಕೆಟ್ಟು ಎಂಟನೆಯ ಮಹಡಿ ಹತ್ತಿದ ಸಂಜೆ, ಇನ್ನು ಈ ಊರೇ ಬೇಡ, ಇದು ದೇವರ ಸೂಚನೆ ಎಂದು ರಾಜೀನಾಮೆ ಬರೆಯಹೊರಟವರಿಗೆ ಇದಕ್ಕಿಂತ ಬೇರೆ ವೇದಾಂತ ಬೇಕಿಲ್ಲ. ಸ್ನಾನ ಮಾಡಿ, ಮಲಗಿ ಎದ್ದು, ಆಮೇಲೆ ಸೂಚನೆ ಇನ್ನೂ ಇದೆಯೇ ನೋಡಬೇಕು.

ಇನ್ನೊಬ್ಬ ಮಹನೀಯರು ಅಡುಗೆಯವರು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿದ್ದ ಸಹೋದರ ಲಾರೆನ್ಸ್, ಮೊದಲು ಸಿಪಾಯಿಯಾಗಿದ್ದವರು. ಮಠದಲ್ಲಿ ಅವರಿಗೆ ಗಂಟುಬಿದ್ದದ್ದು ಅಡುಗೆಮನೆ, ಹುಟ್ಟಿನಿಂದಲೇ ಒಗ್ಗದ ಕೆಲಸ. ಹದಿನೈದು ವರ್ಷ ಅಲ್ಲೇ ದುಡಿದರು. ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡುವುದನ್ನು ರೂಢಿಸಿಕೊಂಡು, ಆ ಸದ್ದು ಪ್ರಾರ್ಥನೆಗೆ ಅಡ್ಡಿಯಾಗದ ಸ್ಥಿತಿಗೆ ಬಂದರು. ಕಾಲು ಸೋತ ಮೇಲೆ ಅವರನ್ನು ಮಠದವರ ಪಾದರಕ್ಷೆ ಹೊಲಿಯುವ ಕೆಲಸಕ್ಕೆ ಹಾಕಿದರು. ಅವರು 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತು, ಕಾಗದಗಳನ್ನು ಕೂಡಿಸಿ ಮಾಡಿದ ಸಣ್ಣ ಪುಸ್ತಕ ಇಂದಿಗೂ ಅಚ್ಚಾಗುತ್ತಲೇ ಇದೆ. ನಮ್ಮ ಗೃಹಿಣಿಯರಿಗೆ ಇದರಲ್ಲಿ ಏನು ವಿಶೇಷವೆಂದು ಅನ್ನಿಸಬಹುದು. ಹದಿನೈದಲ್ಲ, ಐವತ್ತು ವರ್ಷ ಒಲೆಯ ಮುಂದೆ ನಿಂತವರ ಕಾಗದಗಳನ್ನು ಯಾರೂ ಕೂಡಿಸಲಿಲ್ಲ. ಆ ಆಕ್ಷೇಪವನ್ನು ನಾವು ಪೂರ್ತಿ ಒಪ್ಪುತ್ತೇವೆ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಬಗೆಯ ತ್ಯಾಗ ಬೇಡವೆನ್ನುವವರಿಗೆ ವಸುಂಧರೆಯಲ್ಲಿರುವ ಒಂದು ಪರಿಚಿತ ಕುಟುಂಬ ಕಳೆ���ದ ಲೆಂಟ್‌ನಲ್ಲಿ ಮಾಡಿದ್ದನ್ನು ಹೇಳುತ್ತೇವೆ. ಮಾಂಸ, ಸಿಹಿ, ಮೊಬೈಲು ಎಂದು ಎಲ್ಲರೂ ಒಂದೊಂದನ್ನು ಬಿಡುವ ಪಟ್ಟಿ ಮಾಡುತ್ತಿದ್ದಾಗ ಕಾಲೇಜಿಗೆ ಹೋಗುವ ಮಗ, ಭಾನುವಾರದ ಬೆಳಗಿನ ದೋಸೆಯನ್ನು ತಾನೇ ಹುಯ್ಯುವೆನೆಂದೂ ಬಿಸಿ ದೋಸೆ ಮೊದಲು ಅಮ್ಮನಿಗೆ ಬಡಿಸುವೆನೆಂದೂ ಹೇಳಿದ. ಮೂವತ್ತು ವರ್ಷದಿಂದ ಕೊನೆಯಲ್ಲಿ, ಕಾವಲಿಯ ಪಕ್ಕದಲ್ಲೇ ನಿಂತು, ಆರಿದ ದೋಸೆ ತಿಂದು ಅಭ್ಯಾಸವಾದ ತಾಯಿ ಅವರು. ಮೊದಲನೆಯ ಭಾನುವಾರ ಮೊದಲ ದೋಸೆ ಕಾವಲಿಗೆ ಅಂಟಿಕೊಂಡಿತು. ಎರಡನೆಯದು ಅವರ ತಟ್ಟೆಗೆ ಬಂತು. ತಿನ್ನುವುದಕ್ಕಿಂತ ಸುಮ್ಮನೆ ಕೂರುವುದೇ ಅವರಿಗೆ ಕಷ್ಟವಾಯಿತಂತೆ. ಚಟ್ನಿಗೆ ಉಪ್ಪು ಸಾಲದೆಂದು ಒಮ್ಮೆ, ಕಾಫಿಯ ಡಿಕಾಕ್ಷನ್ ನೋಡುವೆನೆಂದು ಒಮ್ಮೆ, ಗ್ಯಾಸು ಸಣ್ಣಗೆ ಮಾಡು ಎನ್ನುತ್ತ ಇನ್ನೊಮ್ಮೆ ಎದ್ದರು. ನಾಲ್ಕನೆಯ ಸಲ ಮಗ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಅವರನ್ನು ಹಿಡಿದು ಕೂರಿಸಿದ. ಐದನೆಯ ಭಾನುವಾರದ ಹೊತ್ತಿಗೆ ಅವರು ಎರಡು ದೋಸೆಗಳನ್ನು ಕುಳಿತಲ್ಲೇ ತಿಂದು, ಮೂರನೆಯದನ್ನು ತಾವಾಗಿಯೇ ಕೇಳಿದರಂತೆ.